ಅಂಕಿತ ಬದಲಾಯಿತು, ಪುಸ್ತಕ ಮುಟ್ಟುಗೋಲಾಯಿತು

ಕಲ್ಯಾಣದ ಕ್ರಾಂತಿಯ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂದೂ, ಬೆನ್ನಟ್ಟಿ ಬಂದ ಸೈನ್ಯದೊಡನೆ ಕಿತ್ತೂರು ಸೀಮೆಯ ಕಾದರವಳ್ಳಿಯಲ್ಲಿ ಕಾದಿದರೆಂದೂ ಈ ಭಾಗದ ಜನ ಹೇಳುತ್ತಾರೆ. ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳನ್ನು ಹಾದುಹೋಗುವ ಮಲಪ್ರಭೆ ಕೊನೆಗೆ ಕೃಷ್ಣೆಯನ್ನು ಸೇರುವುದು ಕೂಡಲಸಂಗಮದಲ್ಲಿ. ಬಸವಣ್ಣನವರ ವಚನಗಳ ಅಂಕಿತದಲ್ಲಿರುವುದು ಆ ಊರಿನ ಹೆಸರೇ: ಕೂಡಲಸಂಗಮದೇವ.

ಈ ಒಂದು ಪದ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದುಂಟು. ಕೂಡಲಸಂಗಮದ ಬಸವ ಧರ್ಮ ಪೀಠದ ಮಾತೆ ಮಹಾದೇವಿ ತಮ್ಮ ‘ಬಸವ ವಚನ ದೀಪ್ತಿ’ಯಲ್ಲಿ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದರು. ಪ್ರತಿಭಟನೆಗಳು ನಡೆದವು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ. ಹತ್ತೊಂಬತ್ತು ವರ್ಷಗಳ ವ್ಯಾಜ್ಯ!

ಹನ್ನೆರಡನೆಯ ಶತಮಾನದ ವಚನಕ್ಕೆ ಕೃತಿಸ್ವಾಮ್ಯವಿಲ್ಲ, ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಆದರೆ ಕೃತಿಸ್ವಾಮ್ಯ ಮುಗಿದಲ್ಲಿಗೆ ಕಾನೂನು ಮುಗಿಯುವುದಿಲ್ಲ. ಧಾರ್ಮಿಕ ಭಾವನೆಯನ್ನು ಉದ್ದೇಶಪೂರ್ವಕವಾಗಿ ಕೆರಳಿಸುವುದನ್ನು ಅಪರಾಧವಾಗಿಸಿದ ಕಲಂ 295-ಎ ಬಂದದ್ದು 1927ರಲ್ಲಿ. ಮುಟ್ಟುಗೋಲಿನ ಅಧಿಕಾರ ಅದಕ್ಕಿಂತ ಹಳೆಯದು. 1922ರಲ್ಲಿ ಬ್ರಿಟಿಷರು 1910ರ ಪ್ರೆಸ್ ಕಾಯ್ದೆಯನ್ನೇನೋ ರದ್ದುಮಾಡಿದರು. ಪುಸ್ತಕ ವಶಪಡಿಸಿಕೊಳ್ಳುವ ಅಧಿಕಾರವನ್ನು ಮಾತ್ರ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಿ ಉಳಿಸಿಕೊಂಡರು. 1973ರ ಸಂಹಿತೆಯಲ್ಲಿ ಅದೇ ಕಲಂ 95 ಆಯಿತು.

ಇದರಡಿ ಲೇಖಕನ ಅಪರಾಧ ಮೊದಲು ಸಾಬೀತಾಗಬೇಕಿಲ್ಲ. ಸರ್ಕಾರ ಕಾರಣ ಕೊಟ್ಟು ಅಧಿಸೂಚನೆ ಹೊರಡಿಸಿದರೆ ಸಾಕು, ಪ್ರತಿಯೊಂದು ಪ್ರತಿಯೂ ಸರ್ಕಾರದ ಸ್ವತ್ತು. ಪೊಲೀಸರು ದೇಶದ ಎಲ್ಲಿಂದಲಾದರೂ ಎತ್ತಿಕೊಂಡು ಹೋಗಬಹುದು. ಬಸವಣ್ಣನವರ ಕಾಲವನ್ನೇ ಕುರಿತ ಪಿ.ವಿ. ನಾರಾಯಣರ ಕಾದಂಬರಿ ‘ಧರ್ಮಕಾರಣ’ಕ್ಕೂ 1997ರಲ್ಲಿ ಇದೇ ಗತಿಯಾಯಿತು, 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಎತ್ತಿಹಿಡಿಯಿತು.

ಎರಡೂ ಪ್ರಕರಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕಾದಂಬರಿಕಾರ ಕಲ್ಪಿಸುತ್ತಾನೆ, ಸಂಪಾದಕರಾದವರು ಮೂಲಪಾಠಕ್ಕೆ ಬದ್ಧರು. ಮಾತೆ ಮಹಾದೇವಿ ಹಳೆಯ ಅಂಕಿತವನ್ನು ಇದ್ದಂತೆಯೇ ಇಟ್ಟು ತಮ್ಮ ವಾದವನ್ನು ಮುನ್ನುಡಿಯಲ್ಲಿ ಮಂಡಿಸಬಹುದಿತ್ತು. ಹಾಗೆಂದು ಪಾಠದ ತಪ್ಪನ್ನು ವಿದ್ವಾಂಸರು ತಿದ್ದುವ ಬದಲು ಪೊಲೀಸರು ತಿದ್ದಬೇಕಾಗಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಅವರು 2019ರಲ್ಲಿ ಲಿಂಗೈಕ್ಯರಾದರು.

2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ಅಧಿಕಾರ ಕಲಂ 98 ಆಗಿದೆ. ಅಧಿಸೂಚನೆ ಹೊರಟ ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬೇಕೆಂಬ ಗಡುವು ಹಿಂದಿನಂತೆಯೇ ಇದೆ.