ಬ್ಯಾಕಪ್‌ನಿಂದ ಕಂಪ್ಯೂಟರ್ ಮರುಸ್ಥಾಪನೆ

ಕೆಟ್ಟುಹೋದ ಕಂಪ್ಯೂಟರನ್ನು ಮೊದಲೇ ತೆಗೆದಿಟ್ಟ ಬ್ಯಾಕಪ್‌ನಿಂದ ಹಿಂದಿನ ಸ್ಥಿತಿಗೆ ತರುವ ಕೆಲಸವೇ ಮರುಸ್ಥಾಪನೆ, ಬಳಕೆಯ ಮಾತಿನಲ್ಲಿ ರಿಸ್ಟೋರ್. ಬ್ಯಾಕಪ್ ತೆಗೆಯುವುದಕ್ಕಿಂತ, ನಿಂತುಹೋದ ಯಂತ್ರದ ಮೇಲೆ ಅದನ್ನು ಮರಳಿ ಕೂರಿಸುವುದು ಕಷ್ಟ. ಮರುಸ್ಥಾಪನೆಯ ತಂತ್ರಾಂಶಗಳು ಬೆಳೆದದ್ದೇ ಆ ಕಷ್ಟದ ಸುತ್ತ.

1983ರಲ್ಲಿ ಐಬಿಎಂ 10 ಮೆಗಾಬೈಟ್ ಹಾರ್ಡ್ ಡಿಸ್ಕಿನ ಪಿಸಿ ಎಕ್ಸ್‌ಟಿಯನ್ನು ಮಾರುಕಟ್ಟೆಗೆ ತಂದಿತು. ಜೊತೆಗೆ ಬಂದ ಡಾಸ್ 2.0ರಲ್ಲಿ ಬ್ಯಾಕಪ್, ರಿಸ್ಟೋರ್ ಎಂಬ ಎರಡು ಕಮಾಂಡ್‌ಗಳಿದ್ದವು. ತುಂಬಿದ ಡಿಸ್ಕನ್ನು 360 ಕಿಲೋಬೈಟಿನ ಫ್ಲಾಪಿಗಳಿಗೆ ಇಳಿಸಲು ಸುಮಾರು ಮೂವತ್ತು ಫ್ಲಾಪಿ ಬೇಕಾಗುತ್ತಿತ್ತು. ಡಿಸ್ಕ್ ಕೆಟ್ಟರೆ ಹೊಸದನ್ನು ಜೋಡಿಸಿ, ಫ್ಲಾಪಿಯಿಂದ ಬೂಟ್ ಮಾಡಿ, ಪಾರ್ಟಿಷನ್ ಮಾಡಿ, ಫಾರ್ಮ್ಯಾಟ್ ಮಾಡಿ, ಡಾಸ್ ಹಾಕಬೇಕು. ರಿಸ್ಟೋರ್ ಶುರುವಾಗುವುದು ಅದಾದ ಮೇಲೆ. ಪರದೆ ಕೇಳಿದ ಸಂಖ್ಯೆಯ ಫ್ಲಾಪಿಯನ್ನೇ ಒಂದಾದ ಮೇಲೊಂದು ಹಾಕುತ್ತ ಕೂರಬೇಕು. ನಡುವೆ ಒಂದು ಹಾಳಾಗಿದ್ದರೆ ಅದರಲ್ಲಿದ್ದ ಫೈಲುಗಳ ಆಸೆ ಬಿಡಬೇಕು.

ವಿಂಡೋಸ್ 95ರ ಕಾಲಕ್ಕೆ ಫೈಲುಗಳನ್ನಷ್ಟೇ ನಕಲು ಮಾಡಿದರೆ ಸಾಲದಾಯಿತು. ಡಾಸ್‌ನಿಂದ ನಕಲಿಸಿದರೆ ಉದ್ದನೆಯ ಫೈಲ್ ಹೆಸರುಗಳು ಕತ್ತರಿಸಿಹೋಗುತ್ತಿದ್ದವು; ವಿಂಡೋಸ್ ಓಡುತ್ತಿರುವಾಗ ನಕಲಿಸಹೋದರೆ ಬಳಕೆಯಲ್ಲಿದ್ದ ಫೈಲುಗಳು ಕೈಗೆ ಸಿಗುತ್ತಿರಲಿಲ್ಲ. ಇದಕ್ಕೆ ಉತ್ತರ ಬಂದದ್ದು ನ್ಯೂಜಿಲೆಂಡಿನ ಆಕ್ಲೆಂಡ್‌ನಿಂದ. ಬೈನರಿ ರಿಸರ್ಚ್ ಸಂಸ್ಥೆಯ ಮರ್ರೆ ಹಸಾರ್ಡ್ ರೂಪಿಸಿದ ಗೋಸ್ಟ್ ತಂತ್ರಾಂಶ ಬೂಟ್ ಫ್ಲಾಪಿಯಿಂದ ಓಡಿ, ಇಡೀ ಪಾರ್ಟಿಷನ್ನನ್ನು ಇಮೇಜ್ ಫೈಲಾಗಿ ತೆಗೆದಿಡುತ್ತಿತ್ತು. ವಾಪಸ್ ಇಳಿಸಿದರೆ ವಿಂಡೋಸ್, ಸೆಟ್ಟಿಂಗ್, ದಾಖಲೆ ಎಲ್ಲವೂ ಇದ್ದಲ್ಲೇ. 1998ರಲ್ಲಿ ಸಿಮ್ಯಾಂಟೆಕ್ ಅದನ್ನು ಕೊಂಡಿತು. ತೈವಾನಿನಲ್ಲಿ ಹುಟ್ಟಿದ ಕ್ಲೋನ್‌ಜಿಲ್ಲಾ ಇಂಥದೇ ಕೆಲಸವನ್ನು ಉಚಿತವಾಗಿ ಮಾಡಿಕೊಡುತ್ತದೆ. ಬೂಟ್ ಫ್ಲಾಪಿಯ ಜಾಗಕ್ಕೆ ಮುಂದೆ ಸಿಡಿ, ಪೆನ್‌ಡ್ರೈವ್, ಡಿಸ್ಕಿನಲ್ಲೇ ಅಡಗಿರುವ ರಿಕವರಿ ಪಾರ್ಟಿಷನ್ ಬಂದವು.

2000ದಲ್ಲಿ ವಿಂಡೋಸ್ ಎಂಇ ಜೊತೆ ಬಂದ ಸಿಸ್ಟಂ ರಿಸ್ಟೋರ್ ಹೆಸರಿನಿಂದಲೇ ಅನೇಕರನ್ನು ದಾರಿ ತಪ್ಪಿಸಿದೆ. ಅದು ಸಿಸ್ಟಂ ಫೈಲುಗಳನ್ನೂ ರಿಜಿಸ್ಟ್ರಿಯನ್ನೂ ಹಿಂದಕ್ಕೆ ಒಯ್ಯುತ್ತದೆಯೇ ಹೊರತು, ಅಳಿಸಿಹೋದ ಫೋಟೊ, ಪತ್ರಗಳನ್ನು ಮರಳಿ ಕೊಡುವುದಿಲ್ಲ. ಆ ಕೊರತೆಯನ್ನು ಸಾಮಾನ್ಯ ಬಳಕೆದಾರರ ಮಟ್ಟಿಗೆ ಚೆನ್ನಾಗಿ ನೀಗಿಸಿದ್ದು 2007ರಲ್ಲಿ ಆಪಲ್ ತಂದ ಟೈಮ್ ಮಷೀನ್. ಬೇರೆ ಡಿಸ್ಕಿಗೆ ಗಂಟೆಗೊಮ್ಮೆ ತಾನಾಗಿಯೇ ಬ್ಯಾಕಪ್ ತೆಗೆಯುವ ಅದು ಒಂದು ಫೈಲನ್ನೂ ಕೊಡಬಲ್ಲದು, ಇಡೀ ಯಂತ್ರವನ್ನೂ ಕೊಡಬಲ್ಲದು.

ದೊಡ್ಡ ಸಂಸ್ಥೆಗಳ ಬ್ಯಾಕಪ್ ವ್ಯವಸ್ಥೆಯೂ ಕೈಕೊಡಬಹುದೆಂದು 2017ರ ಎರಡು ಘಟನೆಗಳು ತೋರಿಸಿದವು. ಜನವರಿ 31ರಂದು ತಂತ್ರಾಂಶ ಸಂಸ್ಥೆ ಗಿಟ್‌ಲ್ಯಾಬ್‌ನ ಮುಖ್ಯ ಡೇಟಾಬೇಸ್ ಕೈತಪ್ಪಿನಿಂದ ಅಳಿಸಿಹೋಯಿತು. ನೋಡಿದರೆ, ನಿತ್ಯದ ಬ್ಯಾಕಪ್ ತಂತ್ರಾಂಶದ ಆವೃತ್ತಿಗಳ ವ್ಯತ್ಯಾಸದಿಂದಾಗಿ ವಿಫಲವಾಗುತ್ತಲೇ ಬಂದಿತ್ತು, ಎಚ್ಚರಿಕೆಯ ಇಮೇಲ್ ಯಾರಿಗೂ ತಲುಪಿರಲಿಲ್ಲ. ಉಳಿಸಿದ್ದು ಆರು ಗಂಟೆ ಮೊದಲು ಒಬ್ಬ ಎಂಜಿನಿಯರ್ ಬೇರೆ ಕೆಲಸಕ್ಕೆಂದು ತೆಗೆದಿದ್ದ ಸ್ನ್ಯಾಪ್‌ಶಾಟ್.

ಅದೇ ವರ್ಷದ ಜೂನ್‌ನಲ್ಲಿ ನಾಟ್‌ಪೆಟ್ಯಾ ವೈರಸ್ ಡೆನ್ಮಾರ್ಕಿನ ಹಡಗು ಸಂಸ್ಥೆ ಮರ್ಸ್ಕ್‌ಗೆ ಬಡಿಯಿತು. ನೆಟ್‌ವರ್ಕ್‌ಗೆ ಯಾರು ಪ್ರವೇಶಿಸಬಹುದೆಂದು ನೋಡಿಕೊಳ್ಳುವ ಸಂಸ್ಥೆಯ ಸರ್ವರ್‌ಗಳು, ಅಂದರೆ ಡೊಮೇನ್ ಕಂಟ್ರೋಲರ್‌ಗಳು, ಒಂದಕ್ಕೊಂದು ಪ್ರತಿಯಾಗಿದ್ದವು, ಹಾಗಾಗಿ ಬೇರೆ ಬ್ಯಾಕಪ್ ಇರಲಿಲ್ಲ; ಒಂದನ್ನು ಬಿಟ್ಟು ಎಲ್ಲವೂ ಒಟ್ಟಿಗೇ ಹೋದವು. ಘಾನಾದ ಕಚೇರಿಯಲ್ಲಿ ಕರೆಂಟ್ ಹೋಗಿದ್ದರಿಂದ ನೆಟ್‌ವರ್ಕ್‌ನಿಂದ ಹೊರಗಿದ್ದ ಆ ಒಂದು ಕಂಟ್ರೋಲರ್ ಮಾತ್ರ ಉಳಿದಿತ್ತು. ಅದರ ಹಾರ್ಡ್ ಡಿಸ್ಕನ್ನು ವಿಮಾನದಲ್ಲಿ ಇಂಗ್ಲೆಂಡಿಗೆ ತಂದರು. ಸಂಸ್ಥೆ ಹತ್ತು ದಿನಗಳಲ್ಲಿ 4,000 ಸರ್ವರ್‌ಗಳನ್ನೂ 45,000 ಕಂಪ್ಯೂಟರ್‌ಗಳನ್ನೂ ಹೊಸದಾಗಿ ಕಟ್ಟಿತು.