ಉಕ್ಕಿನ ಅಲಗಿನ ಪರೀಕ್ಷೆ

ಕತ್ತಿಯ ಬೆಲೆಯನ್ನು ಅದರ ಹೊಳಪಿನಿಂದ ಅಳೆಯುವವನು ಸಂತೆಯ ಗಿರಾಕಿ. ಅದರ ಕೆಲಸದಿಂದ ಅಳೆಯುವವನು ಒಕ್ಕಲಿಗನು. ಭೀಮಾನದಿಯ ದಕ್ಷಿಣದಲ್ಲಿ ಆಲಮೇಲ ಸಿಂದಗಿಗಳ ಕರಿನೆಲದ ಸೀಮೆಯುಂಟು. ಅಲ್ಲಿ ಕಬ್ಬು ಕಡಿಯುವ ಕೊಯ್ತವಾಗಲಿ, ಜಾಲಿಯ ಕೊಂಬೆ ಸವರುವ ಕತ್ತಿಯಾಗಲಿ ಹೊಸದಾಗಿ ಕೈಗೆ ಬಂದರೆ, ಅನುಭವಿಯಾದ ರೈತನು ಮೊದಲು ಅಲಗನ್ನು ಉಗುರಿನಿಂದ ಮಿಡಿದು ನಾದವನ್ನು ಕೇಳುವನು. ಅನಂತರ ಬಾಯಿಯ ಮೇಲೆ ಹೆಬ್ಬೆರಳನ್ನು ಅಡ್ಡಲಾಗಿ ಸವರುವನು. ಕಡೆಗೆ ಒಣಗಿದ ಮರದ ಗಂಟಿನ ಮೇಲೊಂದು ಏಟು ಹಾಕುವನು. ನಾದವು ಒಡಕಾಗಿದ್ದರೆ ಒಳಗೆ ಬಿರುಕುಂಟು. ಏಟಿಗೆ ಬಾಯಿ ಮಡಿದರೆ ಉಕ್ಕು ಮೆದುವಾಯಿತು, ಮುಕ್ಕಾದರೆ ಪೆಡಸಾಯಿತು. ಮಡಿಯದೆಯೂ ಮುಕ್ಕಾಗದೆಯೂ ಉಳಿದುದೇ ಒಳ್ಳೆಯ ಕತ್ತಿ. ಈ ಸರಳವಾದ ಪರೀಕ್ಷೆಯಲ್ಲಿ ಲೋಹಶಾಸ್ತ್ರದ ಒಂದು ದೊಡ್ಡ ತತ್ತ್ವವೇ ಅಡಗಿರುವುದು.

ಶಾಸ್ತ್ರಜ್ಞರು ಇಲ್ಲಿ ಎರಡು ಗುಣಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ. ಗೀರಿದರೆ ಗೀರು ಬೀಳದೆ, ಒತ್ತಿದರೆ ತಗ್ಗದೆ ನಿಲ್ಲುವ ಶಕ್ತಿಯು ಕಾಠಿಣ್ಯ. ಏಟನ್ನು ನುಂಗಿಕೊಂಡು, ಬಾಗಿದರೂ ಮುರಿಯದೆ ಉಳಿಯುವ ಶಕ್ತಿಯು ತಾಳಿಕೆ. ಗಾಜಿಗೆ ಕಾಠಿಣ್ಯವುಂಟು, ತಾಳಿಕೆಯಿಲ್ಲ. ತಾಮ್ರದ ತಂತಿಗೆ ತಾಳಿಕೆಯುಂಟು, ಕಾಠಿಣ್ಯವಿಲ್ಲ. ಕತ್ತಿಗಾದರೋ ಎರಡೂ ಬೇಕು. ಆದರೆ ಒಂದನ್ನು ಹೆಚ್ಚಿಸಿದರೆ ಸಾಮಾನ್ಯವಾಗಿ ಮತ್ತೊಂದು ಕುಗ್ಗುವುದು. ಕಮ್ಮಾರನು ಅಲಗನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದುವುದು ಕಾಠಿಣ್ಯಕ್ಕಾಗಿ. ಅದನ್ನೇ ಮರಳಿ ಮೆಲ್ಲಗೆ ಬಿಸಿಮಾಡಿ, ಉಜ್ಜಿದ ಮೈಯ ಮೇಲೆ ಒಣಹುಲ್ಲಿನ ಬಣ್ಣವು ಮೂಡಿ ನೀಲಿಗೆ ತಿರುಗುವುದನ್ನು ಕಾದು, ತಕ್ಕ ಕ್ಷಣದಲ್ಲಿ ನಿಲ್ಲಿಸುವುದು ತಾಳಿಕೆಗಾಗಿ. ಇದಕ್ಕೇ ಹದವೆಂದು ಹೆಸರು. ಹದವನ್ನು ಪರೀಕ್ಷಿಸುವ ಬಗೆ ಯಾವುದು, ಪರೀಕ್ಷಿಸುವವನಿಗೆ ಇರಬೇಕಾದ ಅರ್ಹತೆ ಯಾವುದು ಎಂಬ ಪ್ರಶ್ನೆಗೆ ಕನ್ನಡನಾಡಿನ ಉಕ್ಕಿನ ಚರಿತ್ರೆಯು ಬೋಧಪ್ರದವಾದ ಉತ್ತರವನ್ನು ಕೊಡುತ್ತದೆ.

ವಿಜಾಪುರದ ಸೀಮೆಯ ನೆಲದಡಿಯಲ್ಲಿ ಹಾಸಿರುವುದು ದಖ್ಖನಿನ ಕರಿಕಲ್ಲು. ಕಬ್ಬಿಣದ ಅದಿರಿನ ಬೆಟ್ಟಗಳು ಅಲ್ಲಿಂದ ತೆಂಕಣಕ್ಕೆ, ಸಂಡೂರು, ಚಿತ್ರದುರ್ಗ, ಬಾಬಾಬುಡನ್‌ಗಿರಿಗಳ ಕಡೆಗೆ ಇವೆ. ಮೈಸೂರು ಸೀಮೆಯಲ್ಲಿ ಉಕ್ಕನ್ನು ಮಾಡುತ್ತಿದ್ದ ಬಗೆಯನ್ನು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800-01ರಲ್ಲಿ ನಾಡನ್ನು ಸುತ್ತುವಾಗ ಕಣ್ಣಾರೆ ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ವಿವರಿಸಿರುವನು. ಮಣ್ಣಿನ ಚಿಕ್ಕ ಮೂಸೆಯಲ್ಲಿ ಮೆದುಕಬ್ಬಿಣದ ತುಂಡೊಂದನ್ನಿಟ್ಟು, ಅದರೊಡನೆ ತಂಗಡಿಯ ಕಡ್ಡಿಯ ಚೂರುಗಳನ್ನೂ ಹಸಿರೆಲೆಗಳನ್ನೂ ಹಾಕಿ, ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಇಂಥ ಹಲವು ಮೂಸೆಗಳನ್ನು ಒಂದೇ ಕುಲುಮೆಯಲ್ಲಿ ಜೋಡಿಸಿ, ಇದ್ದಲು ತುಂಬಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಕಡ್ಡಿ ಎಲೆಗಳು ಸುಟ್ಟು ಇದ್ದಲಾಗಿ, ಅದರ ಇಂಗಾಲವು ಕಬ್ಬಿಣದೊಳಕ್ಕೆ ಸೇರಿ, ಕಬ್ಬಿಣವು ಕರಗಿ ಉಕ್ಕಿನ ಗಟ್ಟಿಯಾಗುತ್ತಿತ್ತು. ಮೂಸೆಯನ್ನು ಒಡೆದಾಗ ಗಟ್ಟಿಯ ಮೇಲ್ಮೈಯಲ್ಲಿ ನಡುವಿನಿಂದ ಅಂಚಿಗೆ ಕಿರಣಗಳಂತೆ ಗೆರೆಗಳು ಹರಡಿದ್ದರೆ ಅದು ಪೂರ್ತಿಯಾಗಿ ಕರಗಿತೆಂದು ಗುರುತು. ಅಲಗು ಹುಟ್ಟುವ ಮೊದಲೇ ನಡೆಯುವ ಮೊದಲನೆಯ ಪರೀಕ್ಷೆ ಇದು.

ಕೊಳ್ಳುವವರೂ ಪರೀಕ್ಷೆಯಿಲ್ಲದೆ ಕೊಳ್ಳುತ್ತಿರಲಿಲ್ಲ. ಇಂದಿನ ತೆಲಂಗಾಣದ ನಿಜಾಮಾಬಾದ್ ಸೀಮೆಯ ಕೋಣಸಮುದ್ರವೆಂಬ ಊರಿನಲ್ಲಿ ಇಂಥ ಮೂಸೆಯ ಉಕ್ಕಿನ ಕಾರ್ಖಾನೆಗಳಿದ್ದುವು. ಭೂಗರ್ಭಶಾಸ್ತ್ರಜ್ಞನಾದ ಹೆನ್ರಿ ವಾಯ್ಸಿಯು ಅಲ್ಲಿ ಇಸ್ಫಹಾನಿನಿಂದ ಬಂದ ವರ್ತಕನೊಬ್ಬನನ್ನು ಕಂಡನು. ಆ ವರ್ತಕನು ಕೆಲಸವನ್ನು ಸ್ವತಃ ನಿಂತು ನೋಡಿಕೊಂಡು, ತೂಕವನ್ನೂ ಉಕ್ಕಿನ ಗುಣವನ್ನೂ ತಾನೇ ಪರೀಕ್ಷಿಸಿ ಕೊಳ್ಳುತ್ತಿದ್ದನೆಂದು ವಾಯ್ಸಿಯ ಬರಹವು ತಿಳಿಸುತ್ತದೆ. ಈ ಬರಹವು 1832ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೀಗೆ ಕಡಲು ದಾಟಿ ಪಾರಸಿಕ ದೇಶಕ್ಕೆ ಹೋದ ದಖ್ಖನಿನ ಉಕ್ಕು ಅಲ್ಲಿನ ಕಮ್ಮಾರರ ಕೈಯಲ್ಲಿ ನೀರಲೆಯಂಥ ರೇಖೆಗಳುಳ್ಳ ಅಲಗುಗಳಾಗಿ, ಪಶ್ಚಿಮದವರ ಬಾಯಲ್ಲಿ ‘ಡಮಾಸ್ಕಸ್’ ಎಂಬ ಹೆಸರನ್ನು ಪಡೆಯಿತು.

ಇದೇ ಉಕ್ಕು ವಿಲಾಯತಿಯ ಪಂಡಿತರ ಪರೀಕ್ಷೆಗೆ ಒಳಗಾದುದು 18ನೆಯ ಶತಮಾನದ ಕಡೆಯಲ್ಲಿ. ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾದ ಸರ್ ಜೋಸೆಫ್ ಬ್ಯಾಂಕ್ಸ್‌ಗೆ ಕೆಲವು ಉಕ್ಕಿನ ಗಟ್ಟಿಗಳನ್ನು ಕಳುಹಿಸಿದನು. ಅವುಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಜಾರ್ಜ್ ಪಿಯರ್ಸನ್ 1795ರಲ್ಲಿ ಆ ಸಭೆಗೆ ಒಪ್ಪಿಸಿದನು. ಆ ಲೇಖನದಲ್ಲಿ ಉಕ್ಕಿನ ಹೆಸರು ‘ವೂಟ್ಸ್’ ಎಂದಿರುವುದು. ಮುಂಬಯಿಯಲ್ಲಿ ತಯಾರಾದುದೆಂದು ಲೇಖನದ ಶೀರ್ಷಿಕೆಯು ಹೇಳುವುದಾದರೂ, ಆ ಹೆಸರು ಕನ್ನಡದ ‘ಉಕ್ಕು’ ಎಂಬ ಶಬ್ದದ ಅಪಭ್ರಂಶವೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಕನ್ನಡಿಗರ ನಾಲಗೆಯ ಮೇಲಿನ ಮಾತೊಂದು ಹೀಗೆ ರೂಪ ಬದಲಿಸಿಕೊಂಡು ಲೋಹಶಾಸ್ತ್ರದ ಕೋಶವನ್ನು ಸೇರಿತು.

ಸ್ಕಾಟನು ತನ್ನ ಪತ್ರದಲ್ಲಿ ಈ ಉಕ್ಕಿನ ಗುಣದೊಡನೆ ದೋಷವನ್ನೂ ತಿಳಿಸಿದ್ದನು. ಕಬ್ಬಿಣವನ್ನು ಕತ್ತರಿಸುವುದಕ್ಕೂ, ಕಲ್ಲಿನ ಕೆಲಸದ ಉಳಿಗಳಿಗೂ, ಅರಗಳಿಗೂ ಗರಗಸಗಳಿಗೂ ಅದು ಬಹಳ ಯೋಗ್ಯ. ಆದರೆ ಮಂದವಾದ ಕೆಂಪುಕಾವಿಗಿಂತ ಹೆಚ್ಚಿನ ಬಿಸಿಯನ್ನು ಅದು ಸಹಿಸದು. ಕಾವು ಮೀರಿದರೆ ಅದರ ಒಂದು ಭಾಗವು ಕರಗಿದಂತಾಗಿ ಗಟ್ಟಿಯೆಲ್ಲ ಕೆಡುವುದು. ಬೇರೆ ಕಬ್ಬಿಣದೊಡನೆ ಅದನ್ನು ಕಾಯಿಸಿ ಬೆಸೆಯಲೂ ಬಾರದು. ಬಿಳಿಕಾವಿನಲ್ಲಿ ಬಡಿದು ರೂಢಿಯಾಗಿದ್ದ ಆಂಗ್ಲ ಕಮ್ಮಾರರಿಗೆ ಇದೊಂದು ಹಟಮಾರಿ ಲೋಹವಾಗಿ ತೋರಿತು. ಅವರ ಸುತ್ತಿಗೆಯ ಕೆಳಗೆ ಅದು ಬಿರಿದು ಉದುರಿತು.

ಹೀಗಿರುವಾಗ ಜೇಮ್ಸ್ ಸ್ಟೋಡರ್ಟ್ ಎಂಬ ಲಂಡನ್ನಿನ ಕತ್ತಿಗಾರನು ಬ್ಯಾಂಕ್ಸನ ಅಪೇಕ್ಷೆಯ ಮೇರೆಗೆ ಈ ಉಕ್ಕಿನಿಂದ ಒಂದು ಲೇಖನಿಚೂರಿಯನ್ನು ಮಾಡಿದನು. ಕತ್ತಲೆಯಲ್ಲಿ ನೋಡಿದರೆ ಮಾತ್ರ ಕೆಂಪು ಕಾಣುವಷ್ಟು ಅಲ್ಪವಾದ ಕಾವಿನಲ್ಲಿ ಅವನು ಅದನ್ನು ತಾಳ್ಮೆಯಿಂದ ಬಡಿದನು. ಚೂರಿಯು ತಕ್ಕ ಹದವನ್ನು ಪಡೆಯಿತು. ಅತ್ಯುತ್ತಮವಾದ ಉಕ್ಕಿನ ಚೂರಿಗೆ ಸಮನಾಗಿ ಕೊಯ್ದಿತು. ಶ್ರಮವು ಅಧಿಕವಾದರೂ ಅನೇಕ ಕೆಲಸಗಳಿಗೆ ಇದು ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಉಕ್ಕಿಗಿಂತ ಮೇಲಾದುದೆಂದು ಅವನು ಅಭಿಪ್ರಾಯಪಟ್ಟನು. ಲೋಹವು ಅದೇ, ಬೇರೆಯಾದುದು ಕಾವು. ಬಿಳಿಕಾವಿನಲ್ಲಿ ಬಡಿದವನು ಉಕ್ಕನ್ನು ಹಳಿದನು. ಮಂದಕಾವಿನಲ್ಲಿ ಬಡಿದವನು ಮೆಚ್ಚಿದನು. ಪರೀಕ್ಷೆಯಲ್ಲಿ ಸೋತುದು ಉಕ್ಕೋ ಪರೀಕ್ಷಕನೋ ಎಂಬುದನ್ನು ವಾಚಕರೇ ನಿರ್ಣಯಿಸಬಹುದು.

ಇದರ ಕಾರಣವು ಈಗ ಸ್ಪಷ್ಟವಾಗಿದೆ. ಶುದ್ಧವಾದ ಕಬ್ಬಿಣವು ಕರಗಲು 1538 ಡಿಗ್ರಿ ಸೆಂಟಿಗ್ರೇಡಿನ ಕಾವು ಬೇಕು. ಇಂಗಾಲವು ಸೇರಿದಷ್ಟೂ ಕರಗುವ ಕಾವು ಇಳಿಯುವುದು. ಈ ಉಕ್ಕಿನಲ್ಲಿ ಇಂಗಾಲವು ನೂರಕ್ಕೆ ಸುಮಾರು ಒಂದೂವರೆ ಭಾಗದಷ್ಟಿರುವುದರಿಂದ 1200 ಡಿಗ್ರಿಯ ಆಚೀಚೆಯಲ್ಲಿಯೇ ಅದರ ಕಣಗಳ ಸಂಧಿಗಳು ಕರಗತೊಡಗುವುವು. ಆ ಸ್ಥಿತಿಯಲ್ಲಿ ಸುತ್ತಿಗೆಯ ಏಟು ಬಿದ್ದರೆ ಗಾರೆ ಸಡಲಿದ ಗೋಡೆಯಂತೆ ಲೋಹವು ಕುಸಿಯುವುದು ಸಹಜ. ಕನ್ನಡನಾಡಿನ ಕಮ್ಮಾರನಿಗೆ ಈ ಅಂಕಿಗಳು ತಿಳಿದಿರಲಿಲ್ಲ. ಕುಲುಮೆಯ ಕೆಂಡದ ಬಣ್ಣವು ತಿಳಿದಿತ್ತು.

ಈ ಗುಟ್ಟನ್ನು ಬಿಡಿಸಲು ಯುರೋಪಿನ ಪಂಡಿತರು ಪಟ್ಟ ಪ್ರಯಾಸವು ಸಾಮಾನ್ಯವಲ್ಲ. 1805ರಲ್ಲಿ ಡೇವಿಡ್ ಮಷೆಟ್‌ನು ಐದು ಗಟ್ಟಿಗಳನ್ನು ಪರೀಕ್ಷಿಸಿದನು. ಮುಂದೆ ವಿದ್ಯುಚ್ಛಾಸ್ತ್ರದಲ್ಲಿ ಜಗದ್ವಿಖ್ಯಾತನಾದ ಮೈಕೇಲ್ ಫ್ಯಾರಡೆಯು 1819ರಲ್ಲಿ ಇದನ್ನು ವಿಶ್ಲೇಷಿಸಿದನು. ಫ್ಯಾರಡೆಯು ಕಮ್ಮಾರನ ಮಗನೆಂಬುದು ಇಲ್ಲಿ ಸ್ಮರಣೀಯ. ಅವನೂ ಸ್ಟೋಡರ್ಟನೂ ಕೂಡಿ ಬೆಳ್ಳಿ, ಪ್ಲಾಟಿನಂ ಮೊದಲಾದ ಲೋಹಗಳನ್ನು ಉಕ್ಕಿಗೆ ಬೆರಸಿ ನಡೆಸಿದ ಪ್ರಯೋಗಗಳು 1820 ಮತ್ತು 1822ರಲ್ಲಿ ಪ್ರಕಟವಾದುವು. ಫ್ಯಾರಡೆಯು ಉಕ್ಕಿನ ಗುಣಕ್ಕೆ ಕಾರಣವು ಅದರಲ್ಲಿ ಬೆರೆತ ಬೇರೆ ಧಾತುವೆಂದು ಊಹಿಸಿದ್ದು ತಪ್ಪಾಯಿತು. ಆದರೆ ಆ ತಪ್ಪಿನ ದಾರಿಯಲ್ಲಿಯೇ ಮಿಶ್ರ ಉಕ್ಕುಗಳ ಶಾಸ್ತ್ರವು ಮೊಳೆಯಿತು. ಅದೇ ಕಾಲದಲ್ಲಿ ಫ್ರಾನ್ಸಿನ ಬ್ರೆಯಾಂಟ್‌ನೂ, 1841ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ ರಷ್ಯಾದ ಆನೊಸೊವ್‌ನೂ ಇಂಗಾಲದ ಪಾತ್ರವನ್ನು ಕಂಡರು.

ತಿರಸ್ಕಾರದ ತಪ್ಪು ತಿದ್ದಿದ ಮೇಲೆ ಅತಿಪ್ರಶಂಸೆಯ ತಪ್ಪು ತಲೆಯೆತ್ತಿತು. ವಾಲ್ಟರ್ ಸ್ಕಾಟನು 1825ರಲ್ಲಿ ಬರೆದ ‘ಟ್ಯಾಲಿಸ್ಮನ್’ ಕಾದಂಬರಿಯಲ್ಲಿ ರಿಚರ್ಡ್ ದೊರೆಯು ತನ್ನ ಭಾರವಾದ ಖಡ್ಗದಿಂದ ಕಬ್ಬಿಣದ ದಂಡವನ್ನು ತುಂಡರಿಸುವನು. ಸಲಾದಿನ್ ಸುಲ್ತಾನನು ತನ್ನ ಬಾಗಿದ ಅಲಗಿನಿಂದ ರೇಷ್ಮೆಯ ದಿಂಬನ್ನು ಸೀಳುವನು. ಕಥೆಯು ಕಲ್ಪಿತವಾದರೂ ಅದರಲ್ಲಿ ಎರಡು ಪರೀಕ್ಷೆಗಳ ಭೇದವು ಚೆನ್ನಾಗಿ ತೋರಿಬರುತ್ತದೆ. ಕಬ್ಬಿಣವನ್ನು ಹೊಡೆಯುವುದು ತಾಳಿಕೆಯ ಪರೀಕ್ಷೆ. ರೇಷ್ಮೆಯನ್ನು ಸೀಳುವುದು ಹರಿತದ ಪರೀಕ್ಷೆ. ಕಾಲಕ್ರಮದಲ್ಲಿ ಜನರು ಇವೆರಡನ್ನೂ ಬೆರಸಿ, ಪೂರ್ವದೇಶದ ಅಲಗು ರೇಷ್ಮೆಯನ್ನೂ ಸೀಳುವುದು, ಎಷ್ಟು ಬಾಗಿಸಿದರೂ ಮುರಿಯದು ಎಂದು ನಂಬತೊಡಗಿದರು.

ಕೊಡಗಿನಲ್ಲಿ ಮದುವೆಯ ಸಮಯದಲ್ಲಿ ನೆಟ್ಟ ಬಾಳೆಯ ದಿಂಡುಗಳನ್ನು ಒಡಿಕತ್ತಿಯಿಂದ ಒಂದೇ ಏಟಿಗೆ ಕಡಿದುರುಳಿಸುವ ಸಂಪ್ರದಾಯವುಂಟು. ನೋಡುವವರಿಗೆ ಅದು ಕತ್ತಿಯ ಬಲದ ಪರೀಕ್ಷೆಯಾಗಿ ತೋರಬಹುದು. ವಾಸ್ತವವಾಗಿ ಅದು ಬಾಯಿಯ ಹರಿತವನ್ನೂ ತೋಳಿನ ಅಭ್ಯಾಸವನ್ನೂ ಪರೀಕ್ಷಿಸುವುದು. ರಸಭರಿತವಾದ ದಿಂಡು ಅಲಗನ್ನು ಎದುರಿಸುವುದಿಲ್ಲ. ಅಲಗಿನ ತಾಳಿಕೆಯನ್ನು ಅರಿಯಬೇಕಾದರೆ ಬಾಳೆಯು ಸಾಲದು, ಒಣಗಂಟೇ ಬೇಕು.

ಯಂತ್ರಗಳಿಂದ ಈ ಗುಣಗಳನ್ನು ಅಂಕಿಗಳಲ್ಲಿ ಅಳೆಯುವ ಕ್ರಮವು 20ನೆಯ ಶತಮಾನದ ಆರಂಭದಲ್ಲಿ ನೆಲೆಗೊಂಡಿತು. ಸ್ವೀಡನ್ನಿನ ಬ್ರಿನೆಲ್‌ನು 1900ರಲ್ಲಿ ಗಟ್ಟಿಗುಂಡನ್ನು ಲೋಹದ ಮೇಲೆ ಒತ್ತಿ, ಬಿದ್ದ ಗುಳಿಯ ಅಳತೆಯಿಂದ ಕಾಠಿಣ್ಯವನ್ನು ಗೊತ್ತುಮಾಡುವ ರೀತಿಯನ್ನು ತೋರಿಸಿದನು. ಫ್ರಾನ್ಸಿನ ಶಾರ್ಪಿಯು 1901ರಲ್ಲಿ ಲೋಲಕದ ಪರೀಕ್ಷೆಯನ್ನು ಪ್ರಚುರಪಡಿಸಿದನು. ಎತ್ತರದಿಂದ ಬಿಟ್ಟ ಭಾರವಾದ ಲೋಲಕವು ಕೊರೆದ ಲೋಹದ ತುಂಡೊಂದನ್ನು ಮುರಿದು ಆಚೆ ಏರುವುದು. ಎಷ್ಟು ಕಡಮೆ ಏರಿತೋ ಅಷ್ಟು ಶಕ್ತಿಯನ್ನು ಲೋಹವು ನುಂಗಿತೆಂದು ಅರ್ಥ. ಇದು ರೈತನ ಒಣಗಂಟಿನ ಏಟೇ; ಏಟಿಗೆ ಲೆಕ್ಕವು ಸೇರಿತು, ಅಷ್ಟೆ.

1924ರಲ್ಲಿ ಸ್ವಿಟ್ಜರ್ಲೆಂಡಿನ ಚೋಕ್ಕೆ ಎಂಬ ಪಂಡಿತನು ಹೆನ್ರಿ ಮೋಸರನ ಸಂಗ್ರಹದ ಪ್ರಾಚೀನ ಡಮಾಸ್ಕಸ್ ಅಲಗುಗಳನ್ನು ತುಂಡರಿಸಿ ಶಾಸ್ತ್ರೀಯವಾಗಿ ಪರೀಕ್ಷಿಸಿದನು. ಬಾಗಿಸುವ ಪರೀಕ್ಷೆಯಲ್ಲಿ ಅವು ಜರ್ಮನಿಯ ಜೋಲಿಂಗೆನ್ ಪಟ್ಟಣದ ಹೊಸ ಅಲಗಿಗೆ ಸರಿಗಟ್ಟಲಿಲ್ಲ. ಇದರಿಂದ ಅಭಿಮಾನಿಗಳಿಗೆ ವ್ಯಥೆಯಾಗಬೇಕಾಗಿಲ್ಲ. ಆ ಅಲಗಿನ ಹಿರಿಮೆಯು ಬೇರೆ ಕಡೆ ಇತ್ತು. ಮಂದಕಾವಿನಲ್ಲಿ ಪದೇ ಪದೇ ಬಡಿದುದರಿಂದ ಕಬ್ಬಿಣವೂ ಇಂಗಾಲವೂ ಕೂಡಿದ ಅತಿಕಠಿಣವಾದ ಸಂಯುಕ್ತದ ಕಣಗಳು ಮೆದುವಾದ ಲೋಹದ ನಡುವೆ ಸಾಲುಸಾಲಾಗಿ ಹರಡಿ, ಕೊಯ್ಯುವ ಬಾಯಿಯನ್ನೂ ಮೈಯ ಮೇಲಿನ ನೀರಲೆಯನ್ನೂ ಏಕಕಾಲದಲ್ಲಿ ಉಂಟುಮಾಡುತ್ತಿದ್ದುವು. 1998ರಲ್ಲಿ ಅಮೆರಿಕದ ವರ್ಹೋವನ್ ಎಂಬ ಲೋಹಶಾಸ್ತ್ರಜ್ಞನೂ ಪೆಂಡ್ರೆ ಎಂಬ ಕಮ್ಮಾರನೂ ಕೂಡಿ ಪ್ರಕಟಿಸಿದ ಲೇಖನದ ಪ್ರಕಾರ, ಈ ಸಾಲುಗಳು ಮೂಡಲು ಅದಿರಿನಲ್ಲಿದ್ದ ವನೇಡಿಯಂ ಮೊದಲಾದ ಧಾತುಗಳ ಅತ್ಯಲ್ಪವಾದ ಅಂಶವು ಕಾರಣ. ಅದಿರು ಬದಲಾದರೆ, ಕೈ ಅದೇ ಆದರೂ ಅಲಗು ಅದೇ ಆಗಲಾರದು.

ಈ ರಹಸ್ಯವು ಬಿಡುವ ಹೊತ್ತಿಗೆ ಅದನ್ನು ಬಲ್ಲ ಕುಲುಮೆಗಳು ಆರಿಹೋಗಿದ್ದುವು. ಅಗ್ಗದ ವಿಲಾಯತಿ ಉಕ್ಕು ಸಂತೆಗೆ ಬಂದಿತು. ಕಾಡಿನ ಕಟ್ಟಳೆಗಳಿಂದ ಇದ್ದಲು ದುರ್ಲಭವಾಯಿತು. 1878ರ ಆಯುಧ ಕಾಯಿದೆಯು ಖಡ್ಗದ ಗಿರಾಕಿಯನ್ನೇ ಕಡಮೆಮಾಡಿತು. 1923ರಲ್ಲಿ ಭದ್ರಾವತಿಯ ಕಾರ್ಖಾನೆಯು ಮಲೆನಾಡಿನ ಇದ್ದಲಿನಿಂದ ಕಬ್ಬಿಣವನ್ನು ಕರಗಿಸತೊಡಗಿದಾಗ ನಾಡಿಗೆ ಹೊಸ ಲೋಹವಿದ್ಯೆಯು ಬಂದಿತು. ಮೂಸೆಯ ವಿದ್ಯೆಯು ಮರಳಲಿಲ್ಲ.

ಆದರೂ ಕಮ್ಮಾರನ ವಿವೇಕವು ಅಳಿದಿಲ್ಲ. ಇಂದು ಹಳ್ಳಿಯ ಕುಲುಮೆಗಳಲ್ಲಿ ಹಳೆಯ ಲಾರಿಯ ಕಮಾನಿನ ಪಟ್ಟಿಯನ್ನು ಕಾಯಿಸಿ ಕತ್ತಿ ಕೊಡಲಿಗಳನ್ನು ಮಾಡುವುದು ಸಾಮಾನ್ಯ. ಆ ಪಟ್ಟಿಯಲ್ಲಿ ಇಂಗಾಲವು ನೂರಕ್ಕೆ ಅರ್ಧಭಾಗಕ್ಕಿಂತ ತುಸು ಹೆಚ್ಚು; ಪ್ರಾಚೀನ ಉಕ್ಕಿನ ಅರ್ಧದಷ್ಟೂ ಇಲ್ಲ. ಅದರಲ್ಲಿ ನೀರಲೆ ಮೂಡದು, ರೇಷ್ಮೆಯ ಕಥೆ ಹುಟ್ಟದು. ಆದರೆ ಸಾವಿರಾರು ಸಲ ಬಾಗಿ ನಿಮಿರಲೆಂದೇ ಹುಟ್ಟಿದ ಆ ಲೋಹವು ಕರಿಜಾಲಿಯ ಗಂಟಿಗೆ ಬಿದ್ದಾಗ ಮುಕ್ಕಾಗದೆ ಉಳಿಯುವುದು. ಉಕ್ಕನ್ನು ಕೆಲಸಕ್ಕೆ ತಕ್ಕಂತೆ ಆರಿಸಬೇಕು, ಪರೀಕ್ಷೆಯನ್ನು ಉಕ್ಕಿಗೆ ತಕ್ಕಂತೆ ನಡೆಸಬೇಕು. ಲಂಡನ್ನಿನ ಪಂಡಿತರು ಒಂದು ಚೂರಿಯಿಂದ ಕಲಿತ ಈ ಪಾಠವನ್ನು ಆಲಮೇಲದ ರೈತನು ಸಂತೆಯಲ್ಲಿ ಕೊಯ್ತವನ್ನು ಮಿಡಿದು ನೋಡುವಾಗ ಬಾಯಿಬಿಡದೆ ಒಪ್ಪಿಸುತ್ತಿರುವನು.