ಈಸೂರಿನ ಸರ್ಕಾರ

ಗಣರಾಜ್ಯವೆಂದೊಡನೆ ನಮ್ಮ ಮನಸ್ಸು ಪ್ರಾಚೀನ ವೈಶಾಲಿಯತ್ತ ಹಾಯುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರು, ಮೈಸೂರು ಸಂಸ್ಥಾನದೊಳಗಿದ್ದುಕೊಂಡೇ, 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು.

'ಕ್ವಿಟ್ ಇಂಡಿಯಾ' ಕರೆ ಹಳ್ಳಿಗೂ ಮುಟ್ಟಿತ್ತು. ವೀರಭದ್ರೇಶ್ವರ ದೇವಾಲಯದ ಮೇಲೆ ತ್ರಿವರ್ಣ ಧ್ವಜ ಏರಿತು, ಕಂದಾಯ ಕೊಡುವುದಿಲ್ಲವೆಂದರು. ಊರಿನ ಹುಡುಗರಿಬ್ಬರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರರನ್ನಾಗಿ ನೇಮಿಸಿದರು. ಎಳೆಯರನ್ನು ಸೆರೆಗೆ ತಳ್ಳಲಾರರೆಂಬ ಹಳ್ಳಿಯ ಜಾಣತನ ಅದರ ಹಿಂದಿತ್ತೆನ್ನುತ್ತಾರೆ. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಪ್ರವೇಶವಿಲ್ಲವೆಂಬ ಫಲಕವೂ ನಿಂತಿತು.

ಕನ್ನಡದ ಮೇಷ್ಟರಾದ ನನ್ನ ಗಮನ ಸಹಜವಾಗಿ ಆ ಪದದ ಮೇಲೆ ನಿಲ್ಲುತ್ತದೆ. ಇಂದು ನಾವು ಸೋಮಾರಿ ಮಗನನ್ನು ಬೇಜವಾಬ್ದಾರಿ ಎಂದು ಗದರುತ್ತೇವೆ. ಅಂದು 'ಜವಾಬ್ದಾರಿ ಸರ್ಕಾರ' ಎಂಬುದು ಮೈಸೂರು ಕಾಂಗ್ರೆಸ್ಸಿನ ಬೇಡಿಕೆ. ಜನಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾದ ಸರ್ಕಾರವೆಂದು ಅರ್ಥ. ಎಂದಮೇಲೆ ಆ ಫಲಕದ ಮೊನೆ ಲಂಡನ್ನಿನತ್ತ ಮಾತ್ರವಲ್ಲ, ನಮ್ಮ ದಿವಾನರ ಆಡಳಿತದತ್ತಲೂ ತಿರುಗಿತ್ತು.

ಸೆಪ್ಟೆಂಬರ್ 28ರಂದು ಪೊಲೀಸರೊಡನೆ ಊರಿಗೆ ಬಂದ ಅಮಲ್ದಾರ ಚನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡರು ಘರ್ಷಣೆಯಲ್ಲಿ ಹತರಾದರು. ಅವರೂ ಕನ್ನಡಿಗರೇ, ಕರ್ತವ್ಯದ ಮೇಲೆ ಬಂದವರು. ಈ ಸಾವುಗಳನ್ನು ಮರೆಸಿ ಕಥೆ ಹೇಳುವುದು ಸರಿಯಲ್ಲ. ಬಳಿಕ ಸೈನ್ಯ ಬಂತು, ಜನ ಕಾಡು ಸೇರಿದರು. ಹೆಂಗಸರೂ ಸೇರಿದಂತೆ ಅನೇಕರಿಗೆ ಶಿಕ್ಷೆಯಾಯಿತು. 1943ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು.

ಅರಮನೆಯ ನೆರಳಲ್ಲಿ ಬೆಳೆದ ನಾವು ಇದನ್ನು ಬ್ರಿಟಿಷರ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ಪರಮಾಧಿಕಾರ ಅವರದೇ ಇತ್ತು, ನಿಜ. ಆದರೆ ಪೊಲೀಸು, ನ್ಯಾಯಾಲಯ, ಸೆರೆಮನೆಗಳು ಮೈಸೂರಿನವು. 'ಮಾದರಿ ಸಂಸ್ಥಾನ'ವೆಂಬ ಕೀರ್ತಿಗೆ ಕಾರಣವಾದ ಅಣೆಕಟ್ಟು, ವಿಶ್ವವಿದ್ಯಾನಿಲಯಗಳನ್ನು ನೆನೆಯುವವರು ಇದನ್ನೂ ನೆನೆಯಬೇಕು.

1947ರ ಆಗಸ್ಟ್ 9ರಂದು ಮಹಾರಾಜ ಜಯಚಾಮರಾಜ ಒಡೆಯರು ಭಾರತಕ್ಕೆ ಸೇರುವ ಒಪ್ಪಂದಕ್ಕೆ ಸಹಿ ಮಾಡಿದರು. ಜವಾಬ್ದಾರಿ ಸರ್ಕಾರ ಮಾತ್ರ ಆಗಲೂ ಬರಲಿಲ್ಲ. ಅದಕ್ಕೆ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ನಡೆಯಬೇಕಾಯಿತು. ಈ ನಗರದಲ್ಲೇ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದನು. ಅವನ ಹೆಸರಿನ ವೃತ್ತವನ್ನು ನಾವೆಲ್ಲ ದಿನವೂ ಬಳಸಿ ಹೋಗುತ್ತೇವೆ. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು.

1950ರ ಜನವರಿ 26ರಂದು ಮೈಸೂರು ಭಾರತ ಗಣರಾಜ್ಯದ ಒಂದು ರಾಜ್ಯವಾಯಿತು, ಮಹಾರಾಜರು ರಾಜಪ್ರಮುಖರಾದರು. ಈಸೂರು ಅದರೊಳಗೆ ಬಂದದ್ದು ಶಿಕಾರಿಪುರ ತಾಲ್ಲೂಕಿಗೆ ಸೇರಿದ, ಎಲ್ಲ ಹಳ್ಳಿಗಳಂತೆ ಕಂದಾಯ ಕೊಡುವ ಒಂದು ಗ್ರಾಮವಾಗಿ.